ಬಲಗಾಲಿನ ಗೂಬೆ

ತೀರಿಕೊಳ್ಳುವ ಹಿಂದಿನ ದಿನ ಗುರುಪಾದಪ್ಪನವರು ಮನೆಮಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಂದಿನಿಂದ ನೂಕಿದರು.

ಮೊದಲು ಸಿಕ್ಕಿದವನು ಅಳಿಯ ಪ್ರತಾಪ. ಅಡುಗೆಮನೆಯ ಕಟ್ಟೆಯ ಬಳಿ ನಿಂತು ಕಾಫಿ ಕುಡಿಯುತ್ತಿದ್ದ. ಅವನ ಯಾವ ಕಾಲು ಮುಂದೆ ಬಂತೆಂದು ಯಾರೂ ನೋಡಲಿಲ್ಲ, ಏಕೆಂದರೆ ಕಾಫಿ ಎಲ್ಲಕ್ಕಿಂತ ಮುಂದೆ ಹೋಗಿತ್ತು. ಎರಡನೆಯವಳು ಮಗಳು ಊರ್ಮಿಳಾ. ಆಸ್ಪತ್ರೆಯಲ್ಲಿ ಹನ್ನೆರಡು ತಾಸು ಡ್ಯೂಟಿ ಮಾಡಿ ಬಂದವಳು, ನೂಕಿದ ಕೂಡಲೇ ಸೋಫಾದ ಮೇಲೆ ಬಿದ್ದು ಹಾಗೆಯೇ ನಿದ್ದೆ ಹೋದಳು. (ಇದನ್ನು ಗಣನೆಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಅಜ್ಜ ಮೊಮ್ಮಗಳ ನಡುವೆ ಸ್ವಲ್ಪ ವಾದವಾಯಿತು.) ಮೂರನೆಯವಳು ಹೆಂಡತಿ ಶಿವಬಸಮ್ಮ. ಕೈಯಲ್ಲಿ ಅಕ್ಕಿ ತೊಳೆಯುವ ಪಾತ್ರೆ, ಬೆನ್ನ ಮೇಲೆ ಗಂಡನ ಎರಡೂ ಅಂಗೈ.

"ರೈಟ್ ಫುಟ್. ಅಜ್ಜಿ ಗೂಫಿ," ಎಂದು ಮೊಮ್ಮಗಳು ಸ್ಫೂರ್ತಿ ಚಪ್ಪಾಳೆ ತಟ್ಟಿದಳು.

"ಯಾರಿಗೆ ಗೂಬಿ ಅಂದಿ?" ಶಿವಬಸಮ್ಮ ಪಾತ್ರೆ ಬಿಟ್ಟು ಸೌಟು ಹಿಡಿದು ತಿರುಗಿದಳು.

"ಗೂಬಿ ಅಲ್ಲ ಶಿವವ್ವ, ಗೂಫಿ," ಅಂದರು ಗುರುಪಾದಪ್ಪ, ಸೌಟಿಗೆ ಎಟುಕದಷ್ಟು ದೂರ ಸರಿದು. "ಎಡಗಾಲು ಮುಂದ ಇಟ್ರ ರೆಗ್ಯುಲರ್. ಬಲಗಾಲು ಮುಂದ ಇಟ್ರ ಗೂಫಿ."

"ಅಂದ್ರ ಬಲಗಾಲು ಮುಂದ ಇಟ್ಟವರು ಈ ದೇಶದಾಗ ಗೂಬಿ?"

"ಹಂಗಂತ ಅವರು ಹೆಸರಿಟ್ಟಾರ. ನಾ ಏನ್ ಮಾಡ್ಲಿ?"

"ಈ ವಯಸ್ಸಿನಾಗ ಹೆಂಡ್ತೀನ್ನ ನೂಕೋದು ಬಿಟ್ಟು ಮೊದಲ ಈ ಕುಕ್ಕರ್ ಹಿಡಿ ನೆಟ್ಟಗ ಮಾಡ್ರಿ. ಹನ್ನೊಂದು ವರ್ಷ ಆತು. ದಿನಾ ಮುಂಜಾನೆ ಬಿಗೀತೀರಿ, ಮರುದಿನ ಮತ್ತ ಲಟಲಟ. ಒಂದು ಸ್ಕ್ರೂ ಬಗ್ಗಸಾಕ ಆಗಿಲ್ಲ, ಹಲಗಿ ಕಟ್ಟಾಕ ಹೊಂಟಾರ."

"ಅದು ಬ್ಯಾರೆ ನಮೂನಿ ಸ್ಕ್ರೂ. ನಿನ್ನಂಗ. ದಿನಾ ಮಾತಾಡಸ್ಬೇಕು."

ಸಂಗತಿ ಇಷ್ಟೇ. ಹದಿನಾಲ್ಕು ವರ್ಷದ ಸ್ಫೂರ್ತಿಗೆ ಹಿಮದ ಗುಡ್ಡದಿಂದ ಜಾರಬೇಕಾಗಿತ್ತು. ಅದಕ್ಕೆ ಸ್ನೋಬೋರ್ಡ್ ಅಂತ ಒಂದು ಉದ್ದನೆಯ ಹಲಗೆ. ಹಲಗೆಯ ಮೇಲೆ ಎರಡು ಬೈಂಡಿಂಗ್, ಅಂದರೆ ಬೂಟು ಸಮೇತ ಕಾಲನ್ನು ಪಟ್ಟಿ ಬಿಗಿದು ಕಟ್ಟಿಹಾಕುವ ಜೋಡು. ಶಿವಬಸಮ್ಮ ಅವಕ್ಕೆ ಪಾದುಕೆ ಎಂದು ಹೆಸರಿಟ್ಟಿದ್ದಳು. ಅವರಿರುವ, ಅಮೆರಿಕದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಊರಲ್ಲಿ ಹಿಮ ಬೀಳುವುದು ಅಪರೂಪ, ಬಿದ್ದರೂ ಬಿತ್ತೋ ಇಲ್ಲವೋ ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಆದ್ದರಿಂದ ಮುಂದಿನ ವಾರದ ರಜೆಯಲ್ಲಿ ಕಾರಿನಲ್ಲಿ ಉತ್ತರ ಕೆರೊಲೈನಾದ ಗುಡ್ಡಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಹಲಗೆ ಬಂದಿತ್ತು, ಪಾದುಕೆ ಬಂದಿತ್ತು, ಎರಡನ್ನೂ ಕೂಡಿಸುವುದು ಬಾಕಿ. ಅಂಗಡಿಯವರೇ ಕೂಡಿಸಿಕೊಡುತ್ತೇವೆ ಅಂದಿದ್ದರು. ಆದರೆ ಗುರುಪಾದಪ್ಪನವರು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವರು. ತಾವಿರುವ ಮನೆಯ ಸ್ಕ್ರೂಗೆ ಪರರ ಕೈ ಸೋಕುವುದನ್ನು ಅವರು ಸಹಿಸುತ್ತಿರಲಿಲ್ಲ.

ಹಲಗೆಯ ಮೇಲೆ ಅಡ್ಡಡ್ಡ ನಿಲ್ಲಬೇಕಂತೆ. ಹಿಂದಿನಿಂದ ನೂಕಿದಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದು ಮುಂಗಾಲಂತೆ. ಇದನ್ನು ಸ್ಫೂರ್ತಿ ಯಾವುದೋ ವಿಡಿಯೋದಲ್ಲಿ ನೋಡಿದ್ದಳು. ನೂಕಬೇಕಾದದ್ದು ಅವಳೊಬ್ಬಳನ್ನೇ. ಆದರೆ ಗುರುಪಾದಪ್ಪನವರಿಗೆ ಒಂದು ಕೆಲಸ ರುಚಿ ಹತ್ತಿತೆಂದರೆ ನಿಲ್ಲಿಸುವುದು ಕಷ್ಟ. ಅಂಚೆಯವನು ಅವತ್ತು ಬೇಗ ಬಂದು ಹೋದದ್ದು ಅವನ ಪುಣ್ಯ.

"ಸ್ಫೂರ್ತಿದು ಯಾವ ಕಾಲು?" ಎಂದು ಕೇಳಿದಳು ಶಿವಬಸಮ್ಮ.

"ಲೆಫ್ಟ್, ಅಜ್ಜಿ. ಐ ಆಮ್ ರೆಗ್ಯುಲರ್."

ಶಿವಬಸಮ್ಮ ಸೌಟು ಕೆಳಗಿಟ್ಟು, "ಶಿವ ಶಿವಾ, ಎಡಗಾಲು?" ಅಂದಳು.

ಇದಕ್ಕೊಂದು ಹಳೆಯ ಕಾರಣವಿದೆ. ಐವತ್ತೊಂದು ವರ್ಷದ ಹಿಂದೆ ಮದುಮಗಳಾಗಿ ಗಂಡನ ಮನೆಯ ಹೊಸ್ತಿಲು ದಾಟುವಾಗ, ಗಾಬರಿಯಲ್ಲಿ, ಅವಳು ಸೇರಕ್ಕಿಯನ್ನು ಎಡಗಾಲಿನಿಂದ ಒದ್ದುಬಿಟ್ಟಿದ್ದಳು. ಅಂದಿನಿಂದ ಆ ಮನೆಯಲ್ಲಿ ಏನೇ ಆದರೂ ಅದರದೇ ಫಲ. ಮಾವನ ಹಲ್ಲು ಬಿದ್ದದ್ದು, ಮೈದುನ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತದ್ದು, ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಂದದ್ದು (ಇಡೀ ಊರಿಗೇ ಹಾಗೆ ಬರುತ್ತಿತ್ತು), ಎಲ್ಲಕ್ಕೂ ಅವಳ ಎಡಗಾಲೇ ಕಾರಣ. ಅತ್ತೆ ಹತ್ತು ವರ್ಷ ಅವಳ ಮೇಲೆ ಗೂಬೆ ಕೂರಿಸಿದರು. ಗುರುಪಾದಪ್ಪ ಮಾತ್ರ ಒಂದು ದಿನವೂ ಆ ಮಾತೆತ್ತಲಿಲ್ಲ. ಆದರೂ ಶಿವಬಸಮ್ಮ ಅಲ್ಲಿಂದ ಮುಂದೆ ಎಡಗಾಲನ್ನು ನಂಬಲಿಲ್ಲ. ಹೊಸ ಮನೆ, ಹೊಸ ಕಾರು, ವಿಮಾನ, ಲಿಫ್ಟು, ಎಲ್ಲಕ್ಕೂ ಬಲಗಾಲು ಮೊದಲು. ಅಟ್ಲಾಂಟಾದ ಏರ್‌ಪೋರ್ಟಿನಲ್ಲಿ ಚಲಿಸುವ ಮೆಟ್ಟಿಲಿನ ಮುಂದೆ ಬಲಗಾಲು ಹೊಂದಿಸುತ್ತ ನಿಂತು ಹಿಂದೆ ನಲವತ್ತು ಜನರನ್ನು ನಿಲ್ಲಿಸಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ಗ್ಯಾರೇಜಿನಲ್ಲಿ ಕಾರ್ಯಾರಂಭವಾಯಿತು. ಹಳೆಯ ಜಮಖಾನೆ ಹಾಸಿ ಹಲಗೆಯನ್ನು ಮಲಗಿಸಿದರು. ಗುರುಪಾದಪ್ಪ ಮುಖ್ಯ ಇಂಜಿನಿಯರ್. ಶಿವಬಸಮ್ಮ ಎಂದಿನಂತೆ ಸಹಾಯಕ ಇಂಜಿನಿಯರ್, ಅಂದರೆ ಅಂಗೈಯಲ್ಲಿ ಸ್ಕ್ರೂ ಹಿಡಿದು ಕೂರುವ ಹುದ್ದೆ. ಒಂದು ಪಾದುಕೆಗೆ ನಾಲ್ಕು, ಎರಡಕ್ಕೆ ಎಂಟು, ಎಲ್ಲವೂ ಕಪ್ಪು. ಪಾದುಕೆಯ ನಡುವೆ ಒಂದು ದುಂಡು ಬಿಲ್ಲೆ, ಬಿಲ್ಲೆಯ ಸುತ್ತ ಸಣ್ಣ ಸಣ್ಣ ಗೆರೆ. ಅದನ್ನು ತಿರುಗಿಸಿದಂತೆ ಪಾದ ತಿರುಗುತ್ತದೆ. ಮುಂದಿನ ಪಾದ ಹದಿನೈದು ಡಿಗ್ರಿ ಹೊರಕ್ಕೆ, ಹಿಂದಿನದು ಆರು ಡಿಗ್ರಿ ಹೊರಕ್ಕೆ, ಬಾತುಕೋಳಿ ನಿಂತ ಹಾಗೆ. ಗುರುಪಾದಪ್ಪ ಕನ್ನಡಕವನ್ನು ಹಣೆಗೇರಿಸಿ, ಮೂಗು ಬಿಲ್ಲೆಗೆ ತಾಗುವಷ್ಟು ಬಾಗಿ, ಗೆರೆಗೆ ಗೆರೆ ಕೂಡಿಸಿದರು.

"ಎದುರುಬದುರು ಬಿಗೀಬೇಕು ಶಿವವ್ವ. ಇದೊಂದು, ಆಮ್ಯಾಲೆ ಇದರ ಎದುರಿಂದು. ಬಸ್ಸಿನ ಗಾಲಿ ನಟ್ ಇದ್ದಂಗ. ಒಂದ ಕಡೆ ಬಿಗಿದ್ರ ಬಿಲ್ಲಿ ವಾರಿ ಆಗ್ತೈತಿ."

"ಐವತ್ತು ವರ್ಷದಿಂದ ಇದನ್ನ ಕೇಳಾಕತ್ತೀನಿ. ಮುಂದ ನಡೀರಿ."

ಎಂಟೂ ಸ್ಕ್ರೂ ಕೂತವು. ಮೇಲೆ ಪಾದದ ಮೆತ್ತೆ ಮುಚ್ಚಿದರು. ಇನ್ನು ಸ್ಕ್ರೂ ಒಂದೂ ಕಾಣುವುದಿಲ್ಲ. ಹಲಗೆಯ ಮುಂದಿನ ತುದಿಯಲ್ಲಿ ತೋಳದ ಚಿತ್ರವಿತ್ತು. ತೋಳದ ಮೂತಿಯ ಹತ್ತಿರ ಎಡಗಾಲಿನ ಪಾದುಕೆ.

"ರೀ, ಹುಡುಗಿ ಮೊದಲನೇ ಸಲ ಗುಡ್ಡ ಹತ್ತೈತಿ."

"ಇಳೀತೈತಿ."

"ಏನರ ಆಗ್ಲಿ. ಮೊದಲನೇ ಸಲ ಎಡಗಾಲು ಮುಂದ ಬ್ಯಾಡ."

"ನೂಕಿ ನೋಡೇನಿ. ಆಕಿದು ಎಡಗಾಲು. ಕಾಲು ಹೇಳಿದಂಗ ಹಲಗಿ ಕೇಳ್ಬೇಕು, ಹಲಗಿ ಹೇಳಿದಂಗ ಕಾಲಲ್ಲ." ಇಷ್ಟು ಹೇಳಿ, ಹಲಗೆಯನ್ನು ಚೀಲಕ್ಕೆ ಸೇರಿಸಿ, ಗುರುಪಾದಪ್ಪ ಮಲಗಲು ಹೋದರು.

ಅವರ ಗೊರಕೆ ಗ್ಯಾರೇಜಿನ ತನಕ ಕೇಳತೊಡಗಿದಾಗ ಶಿವಬಸಮ್ಮ ಚೀಲದ ಜಿಪ್ಪು ಎಳೆದಳು.

ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಐವತ್ತು ವರ್ಷ ಫಿಟ್ಟರಿಗೆ ಸ್ಕ್ರೂ ಕೊಟ್ಟ ಕೈ ಅದು. ಎಂಟನ್ನೂ ಬಿಚ್ಚಿದಳು. ಪಾದುಕೆಗಳನ್ನು ಅದಲುಬದಲು ಮಾಡಿ, ತಿರುಗಿಸಿ, ತೋಳದ ಮೂತಿಯ ಹತ್ತಿರ ಬಲಗಾಲಿನದನ್ನು ತಂದಳು. ಡಿಗ್ರಿ ಗಿಗ್ರಿ ನೋಡಲಿಲ್ಲ, ರೊಟ್ಟಿ ತಟ್ಟುವ ಕಣ್ಣಳತೆಯಲ್ಲಿ ಕೂರಿಸಿದಳು. ಏಳು ಸ್ಕ್ರೂ ಹಾಕಿದಳು. ಎಂಟನೆಯದು ಕೈಜಾರಿ, ಟಣ್ ಎಂದು ನೆಲಕ್ಕೆ ಬಿದ್ದು, ಉರುಳಿ, ತೆಂಗಿನತುರಿ ಕರಿಬೇವು ತುಂಬಿಟ್ಟ ದೊಡ್ಡ ಫ್ರೀಜರಿನ ಕೆಳಗೆ ಹೊಕ್ಕಿತು. ಕಸಬರಿಗೆಯ ಹಿಡಿ ಹಾಕಿದಳು. ಒಂದು ಕಾಲುಚೀಲ, ಎರಡು ಒಣ ಮೆಣಸಿನಕಾಯಿ ಬಂದವು. ಸ್ಕ್ರೂ ಬರಲಿಲ್ಲ. ಅಷ್ಟರಲ್ಲಿ ಮೇಲೆ ಗೊರಕೆ ನಿಂತಿತು.

ವಾರಕ್ಕೆ ಏಳೇ ದಿನ, ಹಲಗೆಗೆ ಏಳು ಸ್ಕ್ರೂ ಯಾಕೆ ಸಾಲದು ಎಂದುಕೊಂಡಳು. ಮೆತ್ತೆ ಮುಚ್ಚಿದಳು. ಜಿಪ್ಪು ಎಳೆದಳು. ಗುಡ್ಡಕ್ಕೆ ಹೋಗಲು ಇನ್ನೂ ಒಂದು ವಾರವಿದೆ, ನಾಳೆ ಪ್ರತಾಪನಿಗೆ ಹೇಳಿ ಫ್ರೀಜರ್ ಸರಿಸಿದರಾಯಿತು.

ಸಂಜೆ ಗುರುಪಾದಪ್ಪ ಚಹಾ ಕುಡಿದು ಗ್ಯಾರೇಜಿಗೆ ಹೋದವರು ಹಾಲು ತರುತ್ತೇನೆಂದು ಕಾರು ತೆಗೆದರು. ಅಂಗಡಿ ಹತ್ತು ನಿಮಿಷದ ದಾರಿ. ಅವರು ಬಂದದ್ದು ಒಂದೂವರೆ ತಾಸಿನ ಮೇಲೆ. ಕಾರು ಒಳಗೆ ಹಾಕಿ ಮನೆಯೊಳಗೆ ಬರಲು ಇನ್ನೊಂದಿಷ್ಟು ಹೊತ್ತು. ಬಂದವರ ಕೈ ಖಾಲಿ.

"ಹಾಲು?"

ಗುರುಪಾದಪ್ಪ ತಮ್ಮ ಎರಡೂ ಕೈ ನೋಡಿಕೊಂಡರು. "ಮರತೆ."

"ಹಾಲು ತರಾಕ ಹೋಗಿ ಹಾಲು ಮರತ್ರಿ? ಮತ್ತ ಒಂದೂವರೆ ತಾಸು ಎಲ್ಲಿ ಹೋಗಿದ್ರಿ? ಎಮ್ಮಿ ಹುಡುಕಾಕ?"

ಊಟದ ತನಕ ಬೈದಳು. ಊಟದ ಜೊತೆ ಬೈದಳು. ಪ್ರತಾಪ "ಬಿಡಿ ಅತ್ತೆ, ನಾನು ತರ್ತೀನಿ" ಅಂದದ್ದಕ್ಕೆ ಅವನಿಗೂ ಒಂದು ಪಾಲು ಸಿಕ್ಕಿತು. ಗುರುಪಾದಪ್ಪ ತಲೆ ತಗ್ಗಿಸಿ ಮಜ್ಜಿಗೆ ಅನ್ನ ಉಂಡರು. ಒಂದೆರಡು ಸಲ ಅವಳ ಕಡೆ ನೋಡಿ ನಕ್ಕರು. ಆ ನಗು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕುಕ್ಕರಿನ ಹಿಡಿ ಲಟಲಟ ಅನ್ನುತ್ತಿತ್ತು. ಶಿವಬಸಮ್ಮ ಎರಡು ಸಲ ಕೂಗಿದಳು. ಮೂರನೆಯ ಸಲ ಕೋಣೆಗೆ ಹೋಗಿ ನೋಡಿದಳು. ಮಲಗಿದ ಹಾಗೆಯೇ ಇದ್ದರು. ಹೃದಯ ನಿಂತಿದೆ ಎಂದು ಊರ್ಮಿಳಾ ಹೇಳಿದಳು. ಹೇಳದಿದ್ದರೂ ತಿಳಿಯುತ್ತಿತ್ತು.

ಬಂದವರೆಲ್ಲ ಪುಣ್ಯದ ಸಾವು ಅಂದರು. ಶಿವಬಸಮ್ಮನ ತಲೆಯಲ್ಲಿ ಇದ್ದದ್ದು ಹಾಲು. ಐವತ್ತೊಂದು ವರ್ಷದಲ್ಲಿ ಕೊನೆಗೆ ಆಡಿದ್ದು ಹಾಲಿನ ಮಾತು.

ಆ ವರ್ಷ ಯಾರೂ ಗುಡ್ಡಕ್ಕೆ ಹೋಗಲಿಲ್ಲ. ಹಲಗೆ ಚೀಲದಲ್ಲಿಯೇ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿತು. ಅದನ್ನು ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕುಕ್ಕರಿನ ಹಿಡಿಯನ್ನೂ ಯಾರೂ ಮುಟ್ಟಲಿಲ್ಲ. ಪ್ರತಾಪ ಒಂದು ಸಲ ಸ್ಕ್ರೂಡ್ರೈವರ್ ಹಿಡಿದು ಬಂದ. ಶಿವಬಸಮ್ಮ ಅವನನ್ನು ನೋಡಿದ ರೀತಿಗೆ ಹಾಗೆಯೇ ಹಿಂದಕ್ಕೆ ಹೋದ. ಅವಳು ಬಟ್ಟೆ ಹಿಡಿದು ಕುಕ್ಕರ್ ಇ‌ಳಿಸುವುದನ್ನು ರೂಢಿ ಮಾಡಿಕೊಂಡಳು.

ಯುಗಾದಿಗೆ ಗ್ಯಾರೇಜು ತೊಳೆಯಲೆಂದು ಫ್ರೀಜರ್ ಸರಿಸಿದಾಗ ಎಂಟನೆಯ ಸ್ಕ್ರೂ ಸಿಕ್ಕಿತು. ಅವಳು ಅದನ್ನು ಸೆರಗಿಗೆ ಒರೆಸಿ ಸಾಸಿವೆ ಡಬ್ಬಿಯಲ್ಲಿ ಹಾಕಿದಳು. ಕಪ್ಪು ಸಾಸಿವೆ, ಕಪ್ಪು ಸ್ಕ್ರೂ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಒಂದು ಸಲ ಒಗ್ಗರಣೆಯಲ್ಲೂ ಬಿತ್ತು. ಸಿಡಿಯಲಿಲ್ಲ.

ಮತ್ತೆ ಜನವರಿ ಬಂತು. ಸ್ಫೂರ್ತಿ ಒಂದು ಸಂಜೆ ತಾನಾಗಿ ಚೀಲವನ್ನು ಒಳಗೆ ತಂದು, ಊಟದ ಮೇಜಿನ ಪಕ್ಕದಲ್ಲಿ ಜಿಪ್ಪು ತೆಗೆದಳು. ಎಲ್ಲರೂ ಸುತ್ತ ನಿಂತರು. ಸ್ಫೂರ್ತಿ ತೋಳದ ಮೂತಿಯ ಹತ್ತಿರದ ಪಾದುಕೆಯನ್ನು ಬೆರಳಿನಿಂದ ಸವರಿದಳು. ಆಮೇಲೆ, "ವೇಟ್," ಅಂದಳು. "ಇದು ಗೂಫಿ. ಅಜ್ಜ ಗೂಫಿ ಹಾಕಿದಾರೆ."

ಪ್ರತಾಪ ಬಗ್ಗಿ ನೋಡಿದ. "ಹೌದಲ್ಲ. ಬಲಗಾಲು ಮುಂದಿದೆ. ಅಷ್ಟು ನೂಕಿ ನೂಕಿ ಟೆಸ್ಟ್ ಮಾಡಿ, ಕಡೆಗೆ ಉಲ್ಟಾ ಮಾಡಿದಾರೆ. ಮಾವನಿಗೂ ವಯಸ್ಸಾಗಿತ್ತು, ಪಾಪ."

ಆ ಪಾಪ ಎನ್ನುವ ಮಾತು ಶಿವಬಸಮ್ಮನಿಗೆ ನಾಟಿತು.

"ಹಾಲು ತರೋದ ಮರತಿದ್ರಲ್ಲ ಅವತ್ತು," ಅಂದಳು ಊರ್ಮಿಳಾ, ಕಣ್ಣು ಒರೆಸಿಕೊಳ್ಳುತ್ತ, ನಗುತ್ತ. "ಆವಾಗ ನಾವು ತಿಳ್ಕೋಬೇಕಿತ್ತು."

"ನಾನು ಚೇಂಜ್ ಮಾಡಲ್ಲ," ಅಂದಳು ಸ್ಫೂರ್ತಿ. "ಅಜ್ಜ ಹಾಕಿದ್ದು ಹಾಗೇ ಇರ್ಲಿ. ಐ ವಿಲ್ ಲರ್ನ್ ಗೂಫಿ. ಯಾರೂ ಟಚ್ ಮಾಡ್ಬೇಡಿ."

ಕತೆ ಅಲ್ಲಿಗೆ ನಿಲ್ಲಲಿಲ್ಲ. ಆ ಭಾನುವಾರ ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಪ್ರತಾಪ ಅದನ್ನು ಹೇಳಿದ. ಅಲ್ಫರೆಟಾದಿಂದ ಬಂದ ಶೇಷಾದ್ರಿ ಅಂಕಲ್ ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮಿದರು. "ಪಾಪ, ಎಷ್ಟು ಒಳ್ಳೇ ಮನುಷ್ಯ. ಕೊನೇಲಿ ಎಡ ಬಲ ಗೊತ್ತಾಗ್ತಿರ್ಲಿಲ್ಲ ಅನ್ಸುತ್ತೆ," ಅಂದರು ಅವರ ಹೆಂಡತಿ. ಎಲ್ಲರ ನಗುವಿನಲ್ಲೂ ಪ್ರೀತಿಯೇ ಇತ್ತು. ಅದರಿಂದ ಶಿವಬಸಮ್ಮನಿಗೆ ಇನ್ನೂ ಕಷ್ಟವಾಯಿತು. ಮೂವತ್ತೆರಡು ವರ್ಷ ಅವರು ಬಿಗಿದ ಒಂದೇ ಒಂದು ಗಾಲಿಯೂ ದಾರಿಯಲ್ಲಿ ಕಳಚಿದ್ದಿಲ್ಲ. ಅತ್ತೆ ತನ್ನ ಮೇಲೆ ಹತ್ತು ವರ್ಷ ಗೂಬೆ ಕೂರಿಸಿದಾಗ ತುಟಿ ಬಿಚ್ಚದ ಮನುಷ್ಯ. ಅವರು ಸತ್ತು ವರ್ಷ ತುಂಬುವುದರೊಳಗೆ ಅವರ ಮೇಲೆ ತಾನೇ ಗೂಬೆ ಕೂರಿಸಿ, ಎಳ್ಳುಬೆಲ್ಲ ಹಂಚುತ್ತ ನಿಂತಿದ್ದಾಳೆ.

ಅದಕ್ಕಿಂತ ದೊಡ್ಡದು ಇನ್ನೊಂದು. ಎಂಟರ ಕೆಲಸ ಏಳು ಮಾಡಬೇಕು, ಅದೂ ಗುಡ್ಡದ ಇಳಿಜಾರಿನಲ್ಲಿ, ಅದೂ ಒಬ್ಬಳೇ ಮೊಮ್ಮಗಳ ಕಾಲ ಕೆಳಗೆ.

ಗುಡ್ಡಕ್ಕೆ ಹೊರಡುವ ಹಿಂದಿನ ದಿನ, ಶುಕ್ರವಾರ, ಪ್ರತಾಪನನ್ನು ಹಿಡಿದಳು. "ಹೊರಡೂಕ ಮೊದಲ ಒಮ್ಮೆ ಸ್ಕ್ರೂ ಎಣಸಿ ನೋಡಪ್ಪ."

"ಮಾವ ಹಾಕಿದ್ದು ಅತ್ತೆ. ಕಾಲು ಉಲ್ಟಾ ಆಗಿರಬಹುದು. ಸ್ಕ್ರೂ ವಿಷಯದಲ್ಲಿ ಮಾವನ್ನ ಡೌಟ್ ಮಾಡೋಕಾಗುತ್ತಾ?"

"ಒಂದ ಸಲ ಅಂಗಡಿಯವರಿಗೆ ತೋರ್ಸು."

"ಅಂಗಡಿಯವರಿಗಾ?" ಪ್ರತಾಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಮಾವನ ಆತ್ಮ ನನ್ನನ್ನ ಹಿಂದಿನಿಂದ ನೂಕುತ್ತೆ."

ಉಳಿದದ್ದು ಒಂದೇ ದಾರಿ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡುವುದಿತ್ತು. ಐದು ಗಂಟೆಗೆ ಶಿವಬಸಮ್ಮ ಸಾಸಿವೆ ಡಬ್ಬಿಯಿಂದ ಸ್ಕ್ರೂ ತೆಗೆದಳು. ಗಂಡನ ಹಳದಿ ಹಿಡಿಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಗ್ಯಾರೇಜಿಗೆ ಬಲಗಾಲಿಟ್ಟು ಇಳಿದಳು. ಹಲಗೆಯನ್ನು ಆಗಲೇ ಕಾರಿನ ಒಳಗಿಟ್ಟು ಬೀಗ ಹಾಕಿದ್ದರು. ಗೋಡೆಯ ಮೊಳೆಯಲ್ಲಿ ಬೀಗದ ಕೈ ಇತ್ತು. ಅದರಲ್ಲಿ ಬೀಗವೂ ಇಲ್ಲ, ಕೈಯೂ ಇಲ್ಲ, ನಾಲ್ಕು ಗುಂಡಿ. ಮೂರು ಕಪ್ಪು, ಒಂದು ಕೆಂಪು. ಕೆಂಪು ಎದ್ದು ಕಾಣುತ್ತಿತ್ತು. ಒತ್ತಿದಳು.

ಕಾರು ಕಿರುಚಿಕೊಂಡಿತು.

ಪ್ಯಾಂ ಪ್ಯಾಂ ಎಂದು ಇಡೀ ಬಡಾವಣೆಗೆ ಬೆಳಗಾಯಿತು. ಕಾರಿನ ದೀಪಗಳೆಲ್ಲ ಹತ್ತಿ ಆರಿ ಹತ್ತಿ ಆರಿ ಜಾತ್ರೆಯಾಯಿತು. ಶಿವಬಸಮ್ಮ ಉಳಿದ ಗುಂಡಿಗಳನ್ನೂ ಒತ್ತಿದಳು. ಕಾರಿನ ಹಿಂಬಾಗಿಲು ತಾನಾಗಿ ನಿಧಾನಕ್ಕೆ ಮೇಲೆದ್ದಿತು. ಎದುರುಮನೆಯ ನಾಯಿ, ಅದರಾಚೆ ಮನೆಯ ನಾಯಿ, ಅದರಾಚೆಯದೂ ಸೇರಿಕೊಂಡವು. ಪ್ರತಾಪ ಕೈಯಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದು, ಊರ್ಮಿಳಾ ಫೋನು ಹಿಡಿದು, ಸ್ಫೂರ್ತಿ ಹೊದಿಕೆ ಹೊದ್ದು ಓಡಿ ಬಂದರು. ಕಂಡದ್ದು: ತೆರೆದ ಕಾರು, ಅರ್ಧ ಎಳೆದ ಚೀಲ, ಸ್ಕ್ರೂಡ್ರೈವರ್ ಹಿಡಿದ ಶಿವಬಸಮ್ಮ.

ಪ್ರತಾಪ ಕೆಂಪು ಗುಂಡಿ ಒತ್ತಿ ಸದ್ದು ನಿಲ್ಲಿಸಿದ. ನಾಯಿಗಳು ನಿಲ್ಲಿಸಲಿಲ್ಲ.

"ಯವ್ವಾ, ಏನ್ ಮಾಡಾಕತ್ತಿ ನೀ?" ಅಂದಳು ಊರ್ಮಿಳಾ.

ಶಿವಬಸಮ್ಮ ಅಂಗೈ ಬಿಚ್ಚಿದಳು. "ಇದು ಆ ಹಲಗಿ ಸ್ಕ್ರೂ. ಎಂಟನೇದು."

ಯಾರಿಗೂ ಅರ್ಥವಾಗಲಿಲ್ಲ.

"ನಿಮ್ಮಪ್ಪ ಎಡಗಾಲನ್ನ ಮುಂದ ಹಾಕಿದ್ರು. ಸರಿಯಾಗೇ ಹಾಕಿದ್ರು. ಅವರು ಮಲಗಿದಾಗ ನಾ ಬಿಚ್ಚಿ ಬಲಗಾಲು ಮಾಡೇನಿ. ಇದೊಂದು ಕೈಜಾರಿ ಫ್ರೀಜರ್ ಕೆಳಗ ಹೋತು. ಏಳ ಸ್ಕ್ರೂ ಹಾಕಿ ಮುಚ್ಚಿಟ್ಟೆ. ಯುಗಾದಿಗೆ ಸಿಕ್ತು, ಅವತ್ತಿಂದ ಸಾಸ್ವಿ ಡಬ್ಬಿಯೊಳಗಿತ್ತು. ಅವರು ಏನೂ ಮರತಿರಲಿಲ್ಲ. ಅವರಿಗೆ ಎಡ ಗೊತ್ತಿತ್ತು, ಬಲ ಗೊತ್ತಿತ್ತು. ಇನ್ನ ಯಾರೂ ಅವರಿಗೆ ಪಾಪ ಅನಬ್ಯಾಡ್ರಿ. ಅನ್ನೋದಿದ್ರ ನನಗ ಅನ್ರಿ."

ಇಷ್ಟು ಉದ್ದದ ಮಾತನ್ನು ಅವಳು ಆ ವರ್ಷದಲ್ಲಿ ಆಡಿದ್ದೇ ಇಲ್ಲ. ಆಡಿ ಮುಗಿಸಿ ಚಳಿಯಲ್ಲಿ ನಡುಗುತ್ತ ನಿಂತಳು. ಸ್ಫೂರ್ತಿ ತನ್ನ ಹೊದಿಕೆಯನ್ನು ಅವಳ ಮೇಲೆ ಹಾಕಿದಳು.

"ಸೆವೆನ್ ಸ್ಕ್ರೂಸ್?" ಅಂದಳು. "ಅಜ್ಜಿ, ನಾನು ಬಿದ್ದಿದ್ರೆ?"

"ಅದಕ್ಕ ಬಂದೇನಿ."

ಪ್ರತಾಪ ಹಲಗೆಯನ್ನು ಎಳೆದು, ಅದೇ ಹಳೆಯ ಜಮಖಾನೆಯ ಮೇಲೆ ಮಲಗಿಸಿ, ಮೆತ್ತೆ ಎತ್ತಿದ. ಒಂದು ಪಾದುಕೆಯಲ್ಲಿ ನಾಲ್ಕು ಸ್ಕ್ರೂ. ಇನ್ನೊಂದರ ಮೆತ್ತೆ ಎತ್ತಿದ. ನೋಡಿದ. ಬೆರಳಿಟ್ಟು ಎಣಿಸಿದ.

"ನಾಲ್ಕಿದೆ."

"ಮೂರು," ಅಂದಳು ಶಿವಬಸಮ್ಮ.

"ನಾಲ್ಕಿದೆ ಅತ್ತೆ. ಬನ್ನಿ, ನೀವೇ ನೋಡಿ."

ಬಗ್ಗಿ ನೋಡಿದಳು. ನಾಲ್ಕಿದ್ದವು. ಮೂರು ಕಪ್ಪು. ಒಂದು ಬೆಳ್ಳಿಯ ಬಣ್ಣದ್ದು, ಹೊಸದು, ಫಳಫಳ ಹೊಳೆಯುತ್ತಿತ್ತು. ಅವಳು ಕಣ್ಣಳತೆಯಲ್ಲಿ ಕೂರಿಸಿದ್ದ ಬಿಲ್ಲೆಗಳು ಈಗ ಹಾಗಿರಲಿಲ್ಲ. ಮುಂದಿನದು ಹದಿನೈದು, ಹಿಂದಿನದು ಆರು, ಗೆರೆಗೆ ಗೆರೆ ಕೂಡಿತ್ತು. ಬಲಗಾಲು ಮಾತ್ರ ಅವಳು ಇಟ್ಟ ಹಾಗೆಯೇ ಮುಂದಿತ್ತು.

"ಇದು ನಾ ಹಾಕಿದ್ದಲ್ಲ," ಅಂದಳು.

"ನಾನೂ ಅಲ್ಲ," ಅಂದ ಪ್ರತಾಪ. "ಇದು ಹಾರ್ಡ್‌ವೇರ್ ಅಂಗಡೀದು. ಈ ಸೈಜು ಹುಡುಕೋಕೆ ಎರಡು ಮೂರು ಕಡೆ ಸುತ್ತಬೇಕು. ಮಾವ ಯಾವಾಗ ಹೋಗಿದ್ರು?"

ಶಿವಬಸಮ್ಮ ಜಮಖಾನೆಯ ಮೇಲೆ ಕೂತುಬಿಟ್ಟಳು.

"ಹಾಲಿಗೆ," ಅಂದಳು.

ಎದುರುಮನೆಯ ನಾಯಿ ಇನ್ನೂ ಬೊಗಳುತ್ತಿತ್ತು.

ಮಲಗಿ ಎದ್ದು ಗ್ಯಾರೇಜಿಗೆ ಹೋದ ಕೂಡಲೇ ಅವರಿಗೆ ತಿಳಿದಿತ್ತು. ಜಿಪ್ಪು ಒಂದು ಬೆರಳು ಆಚೀಚೆ ಇದ್ದರೂ ತಿಳಿಯುವ ಮನುಷ್ಯ. ವರ್ಷಪೂರ್ತಿ ಅವಳು ಎದೆಯಲ್ಲಿಟ್ಟು ಕಾಪಾಡಿದ ಗುಟ್ಟು ಅವರ ಮುಂದೆ ಒಂದು ತಾಸೂ ನಿಂತಿರಲಿಲ್ಲ. ತಪ್ಪಿದ ಸ್ಕ್ರೂ ತಂದು ಹಾಕಿದರು. ವಾರೆಯಾದದ್ದನ್ನು ನೆಟ್ಟಗೆ ಮಾಡಿದರು. ಬಲಗಾಲನ್ನು ಮುಟ್ಟಲಿಲ್ಲ. ಗುಡ್ಡಕ್ಕೆ ಹೋದ ಮೇಲೆ ಮೊಮ್ಮಗಳ ಕಿವಿಯಲ್ಲಿ ಹೇಳಿ ತಿರುಗಿಸುವವರಿದ್ದರೋ, ಏನೋ. ಆಮೇಲೆ ಮನೆಯೊಳಗೆ ಬಂದು, ಹಾಲಿಗಾಗಿ ಊಟ ಮುಗಿಯುವ ತನಕ ಬೈಸಿಕೊಂಡರು. ನಕ್ಕದ್ದು ಅದಕ್ಕೇ.

"ಅಪ್ಪ ಗೊತ್ತಿದ್ದೂ ಒಂದ್ ಮಾತೂ ಅನಲಿಲ್ಲ," ಅಂದಳು ಊರ್ಮಿಳಾ.

"ಯಾವಾಗ ಅಂದಾರ?" ಅಂದಳು ಶಿವಬಸಮ್ಮ. ಮೂಗು ಒರೆಸಿಕೊಂಡು, ಹಳದಿ ಹಿಡಿಯ ಸ್ಕ್ರೂಡ್ರೈವರನ್ನು ಪ್ರತಾಪನ ಕೈಗೆ ಕೊಟ್ಟಳು. "ಬಿಚ್ಚು. ಅವರು ಮೊದಲ ಹೆಂಗ ಹಾಕಿದ್ರೋ ಹಂಗ ಹಾಕು. ಎಡಗಾಲು ಮುಂದ."

"ಆರ್ ಯು ಶೂರ್, ಅಜ್ಜಿ?"

"ಕಾಲು ಹೇಳಿದಂಗ ಹಲಗಿ ಕೇಳ್ಬೇಕು."

ಪ್ರತಾಪನಿಗೆ ಮೊದಲ ಸ್ಕ್ರೂ ಬಿಚ್ಚಲು ಆಗಲಿಲ್ಲ. ಎರಡೂ ಕೈ ಹಾಕಿದ. ಹಲ್ಲು ಕಚ್ಚಿದ. ಮುಖ ಕೆಂಪಾಯಿತು. "ಏನು ಬಿಗಿದಿದಾರೆ ಮಾವ," ಎಂದು ನೆಲಕ್ಕೆ ಮಂಡಿಯೂರಿ, ಇಡೀ ಮೈಭಾರ ಹಾಕಿದ ಮೇಲೆ ಅದು ಕಿರ್ ಅಂದಿತು. ಶಿವಬಸಮ್ಮ ಅಂಗೈ ಚಾಚಿ ಕೂತಳು. ಒಂದೊಂದಾಗಿ ಎಂಟು ಬಂದವು.

"ಎದುರುಬದುರು ಬಿಗಿ. ಒಂದ ಕಡೆ ಬಿಗಿದ್ರ ಬಿಲ್ಲಿ ವಾರಿ ಆಗ್ತೈತಿ," ಅಂದಳು.

"ಎಸ್ ಮೇಡಂ," ಅಂದ ಪ್ರತಾಪ.

ಬೆಳ್ಳಿಯ ಸ್ಕ್ರೂ ತನ್ನ ಎಡಗಾಲಿನ ಕೆಳಗೇ ಇರಬೇಕೆಂದು ಸ್ಫೂರ್ತಿ ಹೇಳಿದಳು. ಹಾಗೆಯೇ ಹಾಕಿದರು. ಅಪ್ಪ ಮಗಳು ಹೊರಟಾಗ ಏಳೂವರೆ. ಕಾರು ಹತ್ತುವ ಮುಂಚೆ ಸ್ಫೂರ್ತಿ ಅಜ್ಜಿಯ ಕಡೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ ಬಲಗಾಲನ್ನು ಎತ್ತಿ ಮೊದಲು ಒಳಗಿಟ್ಟಳು.

"ಗೂಬಿ," ಅಂದಳು ಶಿವಬಸಮ್ಮ.

ಸಂಜೆ ಫೋನು ಬಂತು. ಸ್ಫೂರ್ತಿ ಹದಿನೇಳು ಸಲ ಬಿದ್ದಿದ್ದಳು. ಪಾದುಕೆ ಅಲುಗಿರಲಿಲ್ಲ.

ಮರುದಿನ ಬೆಳಿಗ್ಗೆ ಶಿವಬಸಮ್ಮ ಬಟ್ಟೆ ಹಿಡಿದು ಕುಕ್ಕರ್ ಎತ್ತಲು ಹೋದವಳು ಹಿಡಿಗೇ ಕೈ ಹಾಕಿದಳು. ಹಿಡಿ ಲಟಲಟ ಅಂದಿತು. ಪ್ರತಾಪನಂಥ ಆಳು ಮಂಡಿಯೂರಿ ಬಿಚ್ಚಬೇಕಾದ ಹಾಗೆ ಸ್ಕ್ರೂ ಬಿಗಿದ ಕೈಗೆ ಈ ಒಂದು ಹಿಡಿ ಹನ್ನೊಂದು ವರ್ಷ ಬಗ್ಗಲಿಲ್ಲ ಅಂದರೆ ಏನು? ಹಳದಿ ಸ್ಕ್ರೂಡ್ರೈವರ್ ತಂದು ತಾನೇ ಬಿಗಿದಳು. ಅರ್ಧ ಸುತ್ತು ತಿರುಗಿತು, ಇನ್ನರ್ಧ ಸುತ್ತು ತಿರುಗಿತು, ಗಟ್ಟಿಯಾಗಿ ಕೂತಿತು. ಅಷ್ಟೇ ಕೆಲಸ. ಮರುದಿನ ನೋಡಿದಳು, ಅಲುಗಲಿಲ್ಲ. ಅದರ ಮರುದಿನವೂ ಅಲುಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಾಡಲು ಏನೂ ತೋಚದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ಅದನ್ನು ಸಡಿಲಿಸಿದಳು.

ಹೊಸ ಕುಕ್ಕರ್ ತರಲೇ ಎಂದು ಊರ್ಮಿಳಾ ಈಗಲೂ ಆಗಾಗ ಕೇಳುತ್ತಾಳೆ. ಶಿವಬಸಮ್ಮ ಬೇಡ ಅನ್ನುತ್ತಾಳೆ. ದಿನಾ ಬೆಳಿಗ್ಗೆ, ಚಹಾಕ್ಕೆ ಮೊದಲು, ಎಡಗೈಯಲ್ಲಿ ಹಿಡಿ ಒತ್ತಿ ಬಲಗೈಯಲ್ಲಿ ತಿರುಗಿಸುತ್ತಾಳೆ. ಇನ್ನರ್ಧ ಸುತ್ತು ಇರುವಾಗ ನಿಲ್ಲಿಸಿ ಅಕ್ಕಿ ತೊಳೆಯಲು ಹೋಗುತ್ತಾಳೆ.